ಮುಚ್ಚಬಾರದ ಪೈಪು

ಮೊದಲು ತಪ್ಪೊಪ್ಪಿಗೆ ಮುಗಿಸಿಬಿಡುತ್ತೇನೆ, ಬಡಾಯಿಗೆ ಆಮೇಲೆ ಬೇಕಾದಷ್ಟು ಜಾಗ ಇದೆ. ಹುದಿಕೇರಿ ಹತ್ತಿರದ ಒಂದು ಹೋಂಸ್ಟೇಯಲ್ಲಿ ಇಪ್ಪತ್ತು ವರ್ಷದಿಂದ ಗಟ್ಟಿಯಾಗಿ ಕೂತಿದ್ದ ಕಾಂಕ್ರೀಟ್ ಈಜುಕೊಳವನ್ನು ನಾನು ಅರ್ಧ ಕಿಲೋ ಸಿಮೆಂಟಿನಿಂದ ಒಡೆದೆ. ಸುತ್ತಿಗೆ ಮುಟ್ಟಲಿಲ್ಲ, ಜೆಸಿಬಿ ತರಿಸಲಿಲ್ಲ. ಅರ್ಧ ಕಿಲೋ ಸಿಮೆಂಟು, ಒಂದು ಹಳೆಯ ಕಾಲುಚೀಲ ಮತ್ತು ನನ್ನ ತಲೆ, ಇಷ್ಟೇ ಸಾಮಾನು. ಕಾಲುಚೀಲದೊಳಗೂ ತಲೆಯೊಳಗೂ ಆವತ್ತು ಏನೂ ಇರಲಿಲ್ಲ.

ನಮ್ಮದು ಸೋಮವಾರಪೇಟೆ ಕಡೆ. ನನ್ನ ಕಸುಬು ಕಾಫಿ ಕಣದ ಬಿರುಕು ಮುಚ್ಚುವುದು. ಕಾಫಿ ಒಣಗಿಸುವ ಕಾಂಕ್ರೀಟ್ ಅಂಗಳ ಬಿಸಿಲಿಗೂ ಮಳೆಗೂ ವರ್ಷ ವರ್ಷ ಬಿರಿಯುತ್ತದೆ. ಬಿರುಕಿನಲ್ಲಿ ಬೀಜ ಸಿಕ್ಕಿಕೊಂಡರೆ ಬೂಷ್ಟು ಹಿಡಿದು ಇಡೀ ರಾಶಿಗೆ ವಾಸನೆ ಬರುತ್ತದೆ. ಹಾಗಾಗಿ ಪಿಕಿಂಗ್ ಶುರುವಾಗುವ ಮೊದಲು ಎಸ್ಟೇಟಿನವರು ನನ್ನನ್ನು ಕರೆಸುತ್ತಾರೆ. ಬಿರುಕು ಕಂಡರೆ ತುಂಬು, ತೂತು ಕಂಡರೆ ಮುಚ್ಚು. ಇದಿಷ್ಟೇ ನನ್ನ ವಿದ್ಯೆ. ಇದರ ಮೇಲೆ ನನಗೆ ನಾನೇ ‘ಕಣದ ಡಾಕ್ಟರ್’ ಎಂದು ಬಿರುದು ಕೊಟ್ಟುಕೊಂಡು ಬೈಕಿನ ಹಿಂದೆ ಬರೆಸಿದ್ದೆ.

ಏಪ್ರಿಲ್‌ನಲ್ಲಿ ಆ ಹೋಂಸ್ಟೇಯ ಆಂಟಿ ಫೋನ್ ಮಾಡಿದರು. ಅರವತ್ತು ದಾಟಿದವರು, ಗಟ್ಟಿ ದನಿ.

“ನಮ್ಮ ಪೂಲಿನ ನೀರು ದಿನಕ್ಕೆ ಎರಡು ಬೆರಳು ಇಳೀತಾ ಉಂಟು. ನೀನು ಪೂಲಿನ ಕೆಲಸ ಮಾಡ್ತೀಯ?”

“ಕಣ ಅಂದ್ರೆ ನೀರಿಲ್ಲದ ಪೂಲು, ಪೂಲು ಅಂದ್ರೆ ನೀರಿರೋ ಕಣ. ಎರಡೂ ಒಂದೇ ಅಲ್ವಾ ಆಂಟಿ?”

“ಎರಡೂ ಒಂದೇ ಆದ್ರೆ ನಾನು ಕಣದಲ್ಲಿ ಈಜ್ತಿದ್ದೆ ಮಾರಾಯ. ಬಾ, ನೋಡು.”

ಹೋದೆ. ಮನೆ ಮೇಲೆ, ಅದರ ಕೆಳಗಿನ ಇಳಿಜಾರಿನಲ್ಲಿ ನೀಲಿ ಬಣ್ಣದ ಕೊಳ, ಕೊಳದ ಕೆಳಗೆ ಕಲ್ಲಿನ ಗೋಡೆ, ಗೋಡೆ ದಾಟಿದರೆ ಭತ್ತದ ಗದ್ದೆ. ಆಂಟಿಯ ಎರಡೂ ಮಂಡಿ ಹಾಳಾಗಿದ್ದವು. ಮನೆಯಿಂದ ಕೊಳಕ್ಕೆ ಮೂವತ್ತು ಹೆಜ್ಜೆ ಬರಲು ಕೋಲು ಹಿಡಿದು ನಾಲ್ಕು ಕಡೆ ನಿಂತರು, ನಾಲ್ಕು ಕಡೆಯೂ ಮಂಡಿಯನ್ನು ಬೈದರು. ಆಮೇಲೆ ಕೋಲನ್ನು ಕಟ್ಟೆಯ ಮೇಲೆ ಒರಗಿಸಿ ನೀರಿಗಿಳಿದರು. ಇಳಿದ ಮೇಲೆ ಅವರು ಬೇರೆಯೇ ಮನುಷ್ಯರು. ಆ ಕೊನೆಯಿಂದ ಈ ಕೊನೆಗೆ, ಈ ಕೊನೆಯಿಂದ ಆ ಕೊನೆಗೆ, ಇಪ್ಪತ್ತೈದು ಅಡಿ, ಒಂದು ಚೂರು ಸದ್ದಿಲ್ಲದೆ. ಬೆಳಿಗ್ಗೆ ಒಂದು ಗಂಟೆ ಹೀಗೆ ಈಜಿದರೆ ಮಾತ್ರ ದಿನವಿಡೀ ಅಡುಗೆಮನೆಯಲ್ಲಿ ನಿಲ್ಲಲು ಆಗುತ್ತದೆ ಎಂದರು. ಈಜು ಬಾರದ ನಾನು ಕಟ್ಟೆಯ ಕಂಬ ಹಿಡಿದುಕೊಂಡು ಕೇಳಿಸಿಕೊಂಡೆ.

ಕೊಳ ಖಾಲಿ ಮಾಡಿಸಿ ಒಳಗೆ ಇಳಿದರೆ ಗೋಡೆಯಲ್ಲಿ ಕೂದಲೆಳೆಯಂಥ ಎರಡು ಬಿರುಕು. ಉಳಿಯಿಂದ ಅಗಲ ಮಾಡಿ, ತೊಳೆದು, ವಾಟರ್‌ಪ್ರೂಫ್ ಗಾರೆ ತುಂಬಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಷ್ಟು ಸಣ್ಣ ಬಿರುಕು ನನ್ನಂಥ ದೊಡ್ಡ ಡಾಕ್ಟರಿಗೆ ಅವಮಾನ ಅನ್ನಿಸಿತು. ಸುತ್ತ ಹುಡುಕಿದೆ. ಕೆಳಗಿನ ಕಲ್ಲುಗೋಡೆಯ ಬುಡದಲ್ಲಿ, ಜರಿಗಿಡದ ಮರೆಯಲ್ಲಿ, ಎರಡಿಂಚಿನ ಒಂದು ಪೈಪು. ಬಾಯಿಂದ ತೊಟ್ಟು ತೊಟ್ಟಾಗಿ ನೀರು. “ಸಿಕ್ಕಿದ್ಯಲ್ಲ ಕಳ್ಳ!” ಎಂದು ಜೋರಾಗಿಯೇ ಕೂಗಿದೆ. ಕಾಲಿನಲ್ಲಿದ್ದ ಕಾಲುಚೀಲ ತೆಗೆದು ಪೈಪಿಗೆ ತುರುಕಿ, ಮೇಲೆ ಸಿಮೆಂಟು ಮೆತ್ತಿ, ಕಲ್ಲಿನ ಬಣ್ಣಕ್ಕೆ ಬಣ್ಣ ಕೂಡಿಸಿ ಫಿನಿಶಿಂಗ್ ಕೊಟ್ಟೆ. ಅಷ್ಟು ಚೆಂದದ ಫಿನಿಶಿಂಗ್ ನಾನು ಜೀವಮಾನದಲ್ಲಿ ಕೊಟ್ಟಿರಲಿಲ್ಲ.

ಕೊಳ ತುಂಬಿಸಿದರು. ನೀರು ಒಂದು ಕೂದಲೂ ಇಳಿಯಲಿಲ್ಲ.

“ಎಲ್ಲಿತ್ತು ಲೀಕು?” ಆಂಟಿ ಕೇಳಿದರು.

“ಅದು ಕಸುಬಿನ ಗುಟ್ಟು, ಹೇಳಕ್ಕಾಗಲ್ಲ ಆಂಟಿ.”

ನೀರು ನಿಲ್ಲಿಸಿದ್ದು ಆ ಎರಡು ಕೂದಲೆಳೆ ಬಿರುಕಿನ ಗಾರೆ. ನಾನು ಮಾತ್ರ ಪೈಪಿನ ಫೋಟೊ ಸ್ಟೇಟಸ್‌ಗೆ ಹಾಕಿಕೊಂಡು ಊರು ಸೇರಿದೆ.

ಗಾರೆಯ ಮೇಲೆ ಬಳಿಯುವ ವಾಟರ್‌ಪ್ರೂಫ್ ಬಣ್ಣದ ಎರಡನೇ ಕೋಟ್ ಬಾಕಿ ಇತ್ತು. ಬೇಸಿಗೆ ತುಂಬ ಗೆಸ್ಟು, ಮಳೆ ಹಿಡಿದ ಮೇಲೆ ಬಾ ಎಂದಿದ್ದರು. ಜುಲೈಯಲ್ಲಿ ಹೋದೆ. ಕೊಳದ ಮೇಲೆ ಟಾರ್ಪಾಲು ಕಟ್ಟಿ, ಸಂಜೆಗೆ ನೀರೆಲ್ಲ ಖಾಲಿ ಮಾಡಿ, ಊಟ ಮಾಡಿ ಮಲಗಿದೆ. ಬೆಳಿಗ್ಗೆ ಬ್ರಶ್ ಹಿಡಿದು ಬಂದು ನೋಡುತ್ತೇನೆ, ಕೊಳದ ನೆಲ ಪೂರಿಯ ಹಾಗೆ ಉಬ್ಬಿದೆ! ನಡುವೆ ಉದ್ದಕ್ಕೂ ಬಿರುಕು, ನನ್ನ ಉಳಿ ನುಂಗುವಷ್ಟು ಅಗಲ. ಬಿರುಕಿನಿಂದ ಬುಳುಬುಳು ನೀರು ಮೇಲೆ ಬರುತ್ತಿದೆ. ಒಂದು ಕಪ್ಪೆ ಆಗಲೇ ಬಂದು ಜಾಗ ನೋಡುತ್ತಿತ್ತು.

ಆಂಟಿ ಕೋಲೂರಿಕೊಂಡು ಬಂದು ನೋಡಿದರು. ಬೈಯಲಿಲ್ಲ. ಅದೇ ಹೆದರಿಕೆ. ಕೊನೆಗೆ, “ಹಾಗಾದ್ರೆ ನಾಳೆಯಿಂದ ನನಗೆ ನೀರಿಲ್ಲ,” ಎಂದರು. ಅಷ್ಟೇ ಹೇಳಿ ತಿರುಗಿ ಮನೆಗೆ ನಡೆದರು. ಮೇಲೆ ಹೋಗುವಾಗ ಆರು ಕಡೆ ನಿಂತರು.

ಮೂರನೇ ದಿನ ಮೈಸೂರಿನ ಒಂದು ಪೂಲ್ ಕಂಪನಿಯವನು ಬಂದ. ನನ್ನದೇ ವಯಸ್ಸು, ಕೈಯಲ್ಲಿ ಟ್ಯಾಬು, ಬಿಳಿ ಶೂ. ಶೂವಿಗೆ ಹತ್ತಿದ ಜಿಗಣೆಗಳನ್ನು ನಾನು ಎಣಿಸುತ್ತಿದ್ದೆ, ಅವನಿಗೆ ಹೇಳಲಿಲ್ಲ.

“ಇದನ್ನ ಕಟ್ಟಿದವನಿಗೆ ಕೆಲಸ ಗೊತ್ತಿಲ್ಲ ಮೇಡಂ. ಲೋಕಲ್ ಮೇಸ್ತ್ರಿಗಳ ಕಥೆಯೇ ಇಷ್ಟು. ಪೂರ್ತಿ ಒಡೆದು ತೆಗೀಬೇಕು. ಫೈಬರ್‌ದು ರೆಡಿ ಬರುತ್ತೆ, ತಂದು ಇಳಿಸಿಬಿಡ್ತೀವಿ.”

“ಉದ್ದ ಎಷ್ಟು?”

“ಇಲ್ಲಿ ರೋಡಿಗೆ ಬರೋದು ಹನ್ನೆರಡು ಅಡೀದು ಮಾತ್ರ.”

“ಹನ್ನೆರಡು ಅಡೀಲಿ ನಾನು ಎರಡು ಸಲ ಕೈ ಬೀಸಿದ್ರೆ ಗೋಡೆ. ಅದು ಪೂಲಲ್ಲ, ದನಕ್ಕೆ ನೀರಿಡೋ ಬಾನಿ!”

“ಬೇರೆ ದಾರಿ ಇಲ್ಲ ಮೇಡಂ. ಅಲ್ವಾ?” ಎಂದು ನನ್ನ ಕಡೆ ನೋಡಿದ.

ನಾನು ತಲೆ ಆಡಿಸಿದೆ. “ಹೌದು ಸಾರ್, ಹಳೇ ಕಾಲದ ಕೆಲಸ,” ಎಂದೂ ಸೇರಿಸಿದೆ. ನಾಲಿಗೆಗೆ ಮೂಳೆ ಇಲ್ಲ ಎನ್ನುತ್ತಾರಲ್ಲ, ನನ್ನದಕ್ಕೆ ಚರ್ಮವೂ ಇರಲಿಲ್ಲ.

ಆಂಟಿ ಮಾತ್ರ ಕೊಳ ಕಟ್ಟಿದ ಮೇಸ್ತ್ರಿಯನ್ನು ಕೇಳದೆ ಒಡೆಯಲು ಬಿಡುವುದಿಲ್ಲ ಎಂದು ಜೀಪು ಕಳಿಸಿಬಿಟ್ಟರು. ಮೇಸ್ತ್ರಿ ಬಂದರು. ಕೇರಳದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು ಕರಿಕೆಯಲ್ಲಿ ನೆಲೆ ನಿಂತವರು. ಎಪ್ಪತ್ತೈದು ದಾಟಿತ್ತು, ಕಣ್ಣು ಮಂಜು. ಜೀವಮಾನವೆಲ್ಲ ತೋಟದ ಕೂಲಿಯವರ ಲೈನ್ ಮನೆ, ಪಾಯಿಖಾನೆ, ಕಣ ಕಟ್ಟಿದವರು. ಈಜುಕೊಳ ಕಟ್ಟಿದ್ದು ಇದೊಂದೇ ಎಂದು ಜೀಪಿನಲ್ಲಿ ಡ್ರೈವರಿಗೆ ಎರಡು ಸಲ ಹೇಳಿದ್ದರಂತೆ.

ಅವರು ಕೊಳದೊಳಗೆ ಇಣುಕಿಯೂ ನೋಡಲಿಲ್ಲ. ಕೊಡೆ ಹಿಡಿದು ನೆಟ್ಟಗೆ ಕೆಳಗಿನ ಕಲ್ಲುಗೋಡೆಗೆ ಇಳಿದರು. ಜರಿಗಿಡ ಸರಿಸಿದರು. ಗೋಡೆಯನ್ನು ಕೈಯಿಂದ ಸವರಿದರು. ಮತ್ತೆ ಸವರಿದರು.

“ಇಲ್ಲಿ ಒಂದು ಪೈಪ್ ಉಂಟಲ್ಲ. ಎಲ್ಲಿ?”

ಅವರ ಹಿಂದೆಯೇ ಇಳಿದಿದ್ದ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ಯಾವ ಪೈಪು?” ಎಂದ ಕಂಪನಿಯವನು.

“ಇದು ಜಲ ಇರೋ ಜಾಗ. ಮಳೆಗಾಲಕ್ಕೆ ನೆಲದೊಳಗಿಂದ ನೀರು ಏಳ್ತದೆ. ಅದಕ್ಕೆ ಪೂಲಿನ ಅಡಿಯಲ್ಲಿ ಜಲ್ಲಿ ಹಾಸಿ, ಈ ಕಡೆ ಪೈಪ್ ಬಿಟ್ಟಿದ್ದು. ಅಡಿಯ ನೀರಿಗೆ ದಾರಿ ಬೇಡವ? ಪೂಲಲ್ಲಿ ನೀರಿದ್ರೆ ಅದು ಮೇಲೆ ಕೂತ ಆನೆ. ಖಾಲಿ ಮಾಡಿದ್ರೆ ಆನೆ ಎದ್ದ ಹಾಗೆ. ಆಗ ದಾರಿ ಇಲ್ಲದಿದ್ರೆ ಕೆಳಗಿನ ನೀರು ನೆಲಾನೇ ಎತ್ತಿಬಿಡ್ತದೆ.”

“ಇಲ್ಲಿ ಪೈಪೇ ಇಲ್ಲವಲ್ಲ ಅಜ್ಜ. ಬರೀ ಕಲ್ಲು. ನೀವು ಹಾಕಿಲ್ಲ, ಮರೆತಿದ್ದೀರಿ.”

ಮೇಸ್ತ್ರಿ ಗೋಡೆಯ ಮೇಲೆ ಇಟ್ಟ ಕೈ ತೆಗೆಯಲಿಲ್ಲ. “ಹಾಕಿದ್ದೆ,” ಎಂದರು. ಸ್ವಲ್ಪ ಹೊತ್ತಿಗೆ ದನಿ ಇಳಿಸಿ, ತಮಗೆ ತಾವೇ ಕೇಳಿಕೊಳ್ಳುವ ಹಾಗೆ, “ಹಾಕಿದ್ದೆನಲ್ಲ?” ಎಂದರು.

ನನ್ನ ಫಿನಿಶಿಂಗ್ ಅಷ್ಟು ಚೆನ್ನಾಗಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಮುದುಕರು ತಮ್ಮ ನೆನಪನ್ನೇ ಬೈದುಕೊಂಡು ಕರಿಕೆಗೆ ಹೋಗುತ್ತಿದ್ದರು, ಕೊಳ ಒಡೆದು ಹೋಗುತ್ತಿತ್ತು, ನನ್ನ ಬಿರುದು ಬೈಕಿನ ಹಿಂದೆ ಹಾಗೆಯೇ ಇರುತ್ತಿತ್ತು. ಯೋಚನೆ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಬೀಡಿ ಸೇದುವಷ್ಟು ಹೊತ್ತು ಯೋಚಿಸಿದೆ.

“ಹಾಕಿದ್ರಿ ಮೇಸ್ತ್ರಿ. ನಾನೇ ಮುಚ್ಚಿದ್ದು.”

“ಎಂದಾ ಮೋನೇ?” ಏನು ಮಗನೇ ಎಂದು ಮೇಸ್ತ್ರಿ ಮಲಯಾಳದಲ್ಲೇ ಕೇಳಿದರು.

“ಏಪ್ರಿಲ್‌ನಲ್ಲಿ. ಲೀಕು ಅಂದ್ಕೊಂಡು. ಒಳಗೆ ನನ್ನ ಕಾಲುಚೀಲ ಐತೆ.”

ಆಂಟಿ ಮೇಲಿನಿಂದ ಕೂಗಿದರು, “ಇದಾ ನಿನ್ನ ಕಸುಬಿನ ಗುಟ್ಟು?”

ಮೇಸ್ತ್ರಿಗೆ ಸಿಟ್ಟು ಬರಲಿಲ್ಲ. ಮುಖ ಅರಳಿತು! “ಕೇಳಿಸ್ತಾ, ನಾನು ಹಾಕಿದ್ದೆ!” ಎಂದು ಕಂಪನಿಯವನ ಕಡೆ ಕೊಡೆ ಬೀಸಿದರು. ಆಮೇಲೆ ನನ್ನ ಕಡೆ ತಿರುಗಿ, “ಒಂದು ಕಾಲಿಂದು ಮಾತ್ರವ? ಇನ್ನೊಂದು ತಲೆಗೆ ಹಾಕ್ಕೊಂಡಿದ್ಯಾ?” ಎಂದರು.

ಕಂಪನಿಯವನು ಟ್ಯಾಬು ಮಡಚಿದ. “ಯಾರು ತಪ್ಪು ಮಾಡಿದ್ರೇನು ಮೇಡಂ, ನೆಲ ಒಡೆದಾಯ್ತಲ್ಲ. ಇದು ಇನ್ನು ನಿಲ್ಲಲ್ಲ. ಒಡೆಯೋದೇ.”

ಅಲ್ಲಿ ನನಗೆ ಎಲ್ಲಿಂದ ಬಂತೋ ಸಿಟ್ಟು. ನೇರ ಮೇಲಕ್ಕೆ ಹೋಗಿ ಖಾಲಿ ಕೊಳದೊಳಗೆ ಹಾರಿದೆ. ಬಿರುಕಿನ ಮೇಲೆ ನಿಂತೆ. “ಕೆಡಿಸಿದವನು ನಾನು, ಸರಿ ಮಾಡೋನೂ ನಾನೇ! ಇದು ಸರಿಯಾಗೋವರೆಗೂ ಈ ಗುಂಡಿ ಬಿಟ್ಟು ಮೇಲಕ್ಕೆ ಬರಲ್ಲ. ಯಾವ ಜೆಸಿಬಿ ಬತ್ತದೋ ಬರ್ಲಿ ನೋಡ್ತೀನಿ!” ಎಂದು ಗುಡುಗಿದೆ. ಹತ್ತೇ ನಿಮಿಷಕ್ಕೆ ಒಂದಕ್ಕೆ ಬಂತು. ಮಳೆಗಾಲ, ಚಳಿ, ಬೆಳಿಗ್ಗೆ ಮೂರು ಲೋಟ ಕಾಫಿ. ಎಲ್ಲರೂ ನೋಡುತ್ತಿದ್ದ ಹಾಗೆ ಏಣಿ ಹತ್ತಿ, ಹೋಗಿ ಬಂದು, ಮತ್ತೆ ಇಳಿದು, ಬಿಟ್ಟಲ್ಲಿಂದ ಗುಡುಗಿದೆ.

ಆಂಟಿ ನನ್ನನ್ನು ನೋಡಿದರು, ಬಿರುಕನ್ನು ನೋಡಿದರು. ಕಂಪನಿಯವನಿಗೆ, “ಮೂರನೇ ಭಾನುವಾರ ಬನ್ನಿ. ನೀರು ನಿಂತಿಲ್ಲ ಅಂದ್ರೆ ನಾನೇ ಸೈನ್ ಹಾಕ್ತೀನಿ. ನಿಂತ್ರೆ ನಿಮ್ಮ ಬಾನಿ ನಿಮ್ಮ ಹತ್ರನೇ ಇರ್ಲಿ,” ಎಂದರು.

ಮೊದಲ ಕೆಲಸ ಪೈಪು ಬಿಡಿಸುವುದು. ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಉಳಿ ಹೊಡೆದೆ. “ಪಕ್ಕದಲ್ಲಿ ನಿಂತು ಹೊಡಿ,” ಎಂದರು ಮೇಸ್ತ್ರಿ. “ನಂಗೊತ್ತು,” ಎಂದೆ. ಐದನೇ ಏಟಿಗೆ ನನ್ನ ಕಾಲುಚೀಲ ಗುಂಡಿನ ಹಾಗೆ ಬಂದು ಎದೆಗೆ ಬಡಿಯಿತು, ಅದರ ಹಿಂದೆ ಮೂರು ತಿಂಗಳ ನೀರು. ನಾನು ಹಿಂದಕ್ಕೆ ಮಗುಚಿ, ಆವತ್ತಷ್ಟೇ ನಾಟಿಗೆ ಹದ ಮಾಡಿದ್ದ ಗದ್ದೆಯ ಕೆಸರಿನಲ್ಲಿ ಮಲಗಿದ್ದೆ. ಗದ್ದೆಯಲ್ಲಿ ಸಸಿ ಹಂಚುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿದರು. ಒಬ್ಬರು, “ಇವನ್ನೂ ಇಲ್ಲೇ ನೆಡೋದಾ ಅಕ್ಕ?” ಎಂದು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಪೈಪು ಎರಡು ದಿನ ಭೋರೆಂದು ಹರಿಯಿತು. ನೆಲದ ಉಬ್ಬು ಮುಕ್ಕಾಲು ಪಾಲು ಇಳಿಯಿತು. ಉಳಿದದ್ದನ್ನು ಗ್ರೈಂಡರಿನಲ್ಲಿ ಉಜ್ಜಬೇಕು, ಬಿರುಕಿಗೆ ಅಡ್ಡಡ್ಡ ಉಳಿಯಿಂದ ಗಾಡಿ ಅನ್ನುವ ಸಣ್ಣ ತೋಡು ಕೊರೆದು ಸ್ಟೇಪ್ಲರ್ ಪಿನ್ನಿನ ಹಾಗೆ ಬಗ್ಗಿಸಿದ ಕಬ್ಬಿಣ ಕೂರಿಸಿ ಹೊಲಿಗೆ ಹಾಕಬೇಕು, ಆಮೇಲೆ ಗಾರೆ. ಕಬ್ಬಿಣ ಕೂರಿಸುವ ಅಂಟು ಒದ್ದೆಯಲ್ಲಿ ಹಿಡಿಯುವುದಿಲ್ಲ. ಜುಲೈಯಲ್ಲಿ ಹುದಿಕೇರಿಯಲ್ಲಿ ಒಣಗಿದ ಜಾಗ ಎಲ್ಲಿಂದ ತರುವುದು? ಗೆಸ್ಟ್ ರೂಮಿನ ಹೇರ್ ಡ್ರೈಯರ್ ತಂದೆ. ಬಿರುಕಿಗೆ ಅರ್ಧ ಗಂಟೆ ಬ್ಯೂಟಿ ಪಾರ್ಲರ್ ಸೇವೆ ಮಾಡುವಷ್ಟರಲ್ಲಿ ಕರೆಂಟು ಹೋಯಿತು. ಹೋದದ್ದು ಐದು ದಿನ ಬರಲಿಲ್ಲ.

“ನಿಮ್ಮ ಮನೇಲಿ ಮಳೆಗಾಲದಲ್ಲಿ ಬಟ್ಟೆ ಹೇಗೆ ಒಣಗಿಸ್ತಾರೆ?” ಮೇಸ್ತ್ರಿ ಕೇಳಿದರು.

“ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ...” ಎನ್ನುವಾಗಲೇ ನನಗೆ ಹೊಳೆಯಿತು.

ಅಡುಗೆಮನೆಯ ಒಲೆಯಿಂದ ಬಾಣಲೆಯಲ್ಲಿ ಕೆಂಡ ಬಂತು. ಗಾಡಿಗಳ ಪಕ್ಕ ಕೆಂಡ, ಮೇಲೆ ಬಿದಿರಿನ ಬುಟ್ಟಿ. ಒಂದೊಂದು ಗಾಡಿಯನ್ನೂ ಮಗುವಿನ ಲಂಗೋಟಿ ಒಣಗಿಸುವ ಹಾಗೆ ಒಣಗಿಸಿ, ಕೆಂಡ ಮೇಲೆ ಸಾಗಿಸಿ, ಅಂಟು ಹಾಕಿ ಹೊಲಿಗೆ ಹಾಕಿದೆವು. ಗ್ರೈಂಡರಿಗೆ ಕರೆಂಟಿಲ್ಲದೆ ಉಬ್ಬನ್ನು ನಾನು ಉಜ್ಜುಕಲ್ಲಿನಲ್ಲಿ ಕೈಯಾರೆ ಉಜ್ಜಿದೆ. ಮೂರು ದಿನದಲ್ಲಿ ನನ್ನ ಭುಜ ಎಲ್ಲಿದೆ ಎಂದು ಹುಡುಕಬೇಕಾಯಿತು. ಮಧ್ಯೆ ಒಂದು ದಿನ ಕಂಪನಿಯವನು ಹೇಳದೆ ಕೇಳದೆ ಜೆಸಿಬಿಯವನನ್ನು ದಾರಿ ನೋಡಲು ಕಳಿಸಿದ. ಆಂಟಿ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಕೊಳದ ನಡುವೆ ಇಳಿಸಲು ಹೇಳಿದರು. ಮೆಟ್ಟಿಲು ಮೆಟ್ಟಿಲಿಗೂ ಮಂಡಿಯನ್ನು ಬೈಯುತ್ತಾ ಇಳಿದು, ಕೊಡೆ ಬಿಚ್ಚಿ, ಅದರಲ್ಲಿ ಕೂತು, ಹುರುಳಿಕಾಯಿ ನಾರು ತೆಗೆಯತೊಡಗಿದರು.

“ದಾರಿ ನೋಡಿದ್ದಾಯ್ತ?” ಎಂದು ಮೇಲೆ ನಿಂತವನನ್ನು ಕೇಳಿದರು. “ಬಂದ ದಾರೀನೂ ಅದೇ, ನೋಡ್ಕೊಂಡೇ ಹೋಗಿ.”

ಗಾರೆ ಗಟ್ಟಿಯಾದ ಮೇಲೆ ಕೋಟ್ ಹೊಡೆದು, ಟಾರ್ಪಾಲು ಬಿಚ್ಚಿ, ಕಾಫಿ ಹೂವಿಗೆ ನೀರು ಹಾರಿಸುವ ಡೀಸೆಲ್ ಪಂಪಿನಿಂದ ಕೊಳ ತುಂಬಿಸಿದೆವು. ಕಟ್ಟೆಗೆ ಒಂದು ಅಡಿ ಕೆಳಗೆ ನಿಲ್ಲಿಸಿ, ಗೋಡೆಗೆ ಸ್ಕೂಲ್ ಮಕ್ಕಳ ಸ್ಕೇಲು ಅಂಟಿಸಿದೆ. ಆಗ ಗೊತ್ತಾದದ್ದು ಹೊಸ ತಮಾಷೆ. ನೀರು ಸೋರಿದರೂ ಮಳೆ ತುಂಬಿಸುತ್ತದೆ. ಸೋರುತ್ತಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ಗಡುವಿಗೆ ಒಂದು ದಿನ ಮೊದಲು, ಶನಿವಾರ ಬೆಳಿಗ್ಗೆಯೇ ಬಂದ ಕಂಪನಿಯವನು ಅದಕ್ಕೆ ಉಪಾಯ ತಂದಿದ್ದ. ಒಂದು ಬಕೆಟಿನಲ್ಲಿ ಅರ್ಧದಷ್ಟು ನೀರು ತುಂಬಿ ಕೊಳದ ಮೆಟ್ಟಿಲ ಮೇಲೆ ಇಟ್ಟು, ಒಳಗೂ ಹೊರಗೂ ಗುರುತು ಹಾಕಿದ. “ಮಳೆ ಎರಡಕ್ಕೂ ಒಂದೇ. ನಾಳೆ ಪೂಲು ಬಕೆಟಿಗಿಂತ ಕಡಿಮೆ ಏರಿದ್ರೆ ಲೀಕೇಜ್ ಅಂತ ಲೆಕ್ಕ.” ಸರಿಯಾಗಿಯೇ ಕಂಡಿತು. ಎಲ್ಲರೂ ಒಪ್ಪಿದೆವು.

ಭಾನುವಾರ ಬೆಳಿಗ್ಗೆ ನೋಡಿದರೆ ಬಕೆಟಿನ ನೀರು ಐದು ಇಂಚು ಮೀರಿ ಏರಿದೆ. ಕೊಳ ಬರೀ ನಾಲ್ಕು.

“ಸಾರಿ ಮೇಡಂ,” ಎಂದು ಅವನು ಪೆನ್ನು ತೆಗೆದ.

ನಾನು ಕಟ್ಟೆಯ ಮೇಲೆ ಕುಸಿದು ಕೂತೆ. ಇನ್ನು ಮೇಲೆ ಕಣಕ್ಕೂ ಯಾರೂ ಕರೆಯುವುದಿಲ್ಲ, ಊರಿಗೆ ಹೋಗಿ ಎಮ್ಮೆ ತೊಳೆಯುವುದೇ ಸರಿ, ಎಮ್ಮೆಯಾದರೂ ಸೋರುವುದಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಮೇಸ್ತ್ರಿ ಕೊಡೆಯ ಹಿಡಿ ಉಜ್ಜುತ್ತಿದ್ದರು.

ಆಂಟಿ ಬಕೆಟನ್ನೇ ದಿಟ್ಟಿಸುತ್ತಿದ್ದರು. “ತಡೀರಿ,” ಎಂದು ಅಂಗಳದ ಕಡೆ ಹೊರಟರು. ಕೋಲೂರಿ ಹೋಗಿ, ಕೋಲೂರಿ ಬರುವವರೆಗೆ ನಮ್ಮ ಜೀವ ಕೈಯಲ್ಲಿ. ಬಂದಾಗ ಅವರ ಕೈಯಲ್ಲಿ ಮಳೆ ಅಳೆಯುವ ಡಬ್ಬವೂ ಅದರ ನೋಟ್‌ಪುಸ್ತಕವೂ ಇದ್ದವು. ಕೊಡಗಿನ ತೋಟದವರ ಮನೆಯಲ್ಲಿ ದೇವರ ದೀಪ ತಪ್ಪಿದರೂ ಇದು ತಪ್ಪುವುದಿಲ್ಲ. ಪ್ರತಿ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟು ಬರೆದಿಡುತ್ತಾರೆ. ಒಂದು ಇಂಚಿನ ನೂರನೇ ಪಾಲು ಒಂದು ಸೆಂಟು.

“ನಿಮ್ಮ ಬಕೆಟಿನ ಬಾಯಿ ಅಗಲ, ತಳ ಸಣ್ಣ. ಮೇಲೆ ಹೆಚ್ಚು ಮಳೆ ಹಿಡೀತದೆ, ಕೆಳಗೆ ಜಾಗ ಕಡಿಮೆ. ಅದು ಏರೋದು ಜಾಸ್ತಿಯೇ. ಬಕೆಟಲ್ಲಿ ಮಳೆ ಅಳೆಯೋದಾದ್ರೆ ನಮ್ಮ ಮಾವನ ಕಾಲದಿಂದ ಈ ಡಬ್ಬ ಯಾಕೆ ಇಟ್ಕೋಬೇಕಿತ್ತು?” ನನ್ನ ಕಡೆ ತಿರುಗಿ, “ಏಳು. ಪೂಲು ಎಷ್ಟು ಏರಿದೆ? ನಿನ್ನ ಕಣ್ಣಲ್ಲಿ ಬೇಡ, ಸ್ಕೇಲಲ್ಲಿ ಹೇಳು.”

“ನಾಲ್ಕು ಇಂಚು ಆಂಟಿ. ಸರಿಯಾಗಿ ನಾಲ್ಕು.”

ಪುಸ್ತಕ ತೆರೆದು ತೋರಿಸಿದರು. ನಾವ್ಯಾರೂ ಏಳುವ ಮೊದಲೇ ಬರೆದಿದ್ದದ್ದು. ನಾಲ್ಕು ಇಂಚು ಎರಡು ಸೆಂಟು.

“ಎರಡು ಸೆಂಟು ಕಮ್ಮಿ ಇದೆಯಲ್ಲ ಮೇಡಂ,” ಎಂದ ಅವನು, ಮಳೆಯಲ್ಲಿ ನೆನೆದ ದನಿಯಲ್ಲಿ.

“ಅದು ಕಪ್ಪೆ ಕುಡಿದದ್ದು,” ಎಂದರು ಮೇಸ್ತ್ರಿ.

ಅವನು ಪೆನ್ನು ಒಳಗಿಟ್ಟ. ಹೋಗುವಾಗ ಕಾಫಿ ಕುಡಿದೇ ಹೋದ, ಆಂಟಿ ಹಾಗೆಲ್ಲ ಬರಿ ಹೊಟ್ಟೆಯಲ್ಲಿ ಯಾರನ್ನೂ ಕಳಿಸುವವರಲ್ಲ. ಬಕೆಟು ಬಿಟ್ಟು ಹೋದ. ಅದರಲ್ಲಿ ಈಗ ನಾಯಿ ನೀರು ಕುಡಿಯುತ್ತದೆ.

ಅವನ ಕಾರು ಗೇಟು ದಾಟುವ ಮೊದಲೇ ಆಂಟಿ ಕೋಲು ಒರಗಿಸಿ ಮಳೆಯಲ್ಲೇ ನೀರಿಗಿಳಿದಿದ್ದರು. ಆ ಕೊನೆಯಿಂದ ಈ ಕೊನೆಗೆ, ಇಪ್ಪತ್ತೈದು ಅಡಿ. ಹೊಲಿಗೆ ಹಾಕಿದ ಜಾಗ ನೀರಿನಡಿಯಲ್ಲಿ ಮಂಜುಮಂಜಾಗಿ ಕಾಣುತ್ತಿತ್ತು. ಪ್ರತಿ ಸಲ ಅದನ್ನು ದಾಟುವಾಗ ನಾನು ಉಸಿರು ಹಿಡಿಯುತ್ತಿದ್ದೆ.

ಮೇಸ್ತ್ರಿ ನನ್ನನ್ನು ಸುಮ್ಮನೆ ಬಿಡಲಿಲ್ಲ. ಕೆಳಗಿನ ಗೋಡೆಯಲ್ಲಿ ಪೈಪಿನ ಬಾಯಿ ಬಿಟ್ಟು ಅದರ ಮೇಲ್ಗಡೆ ಹಸಿ ಗಾರೆ ಮೆತ್ತಿಸಿ, ಮೊಳೆಯಿಂದ ದೊಡ್ಡ ಅಕ್ಷರದಲ್ಲಿ ಬರೆಸಿದರು, ‘ಇದನ್ನು ಮುಚ್ಚಬಾರದು.’ ಬರೆದು ಮುಗಿಸುವಾಗ ಆಂಟಿ ತಲೆಗೆ ಟವೆಲ್ ಸುತ್ತಿಕೊಂಡು ಮೇಲಿನ ಕಟ್ಟೆಯಿಂದ ಬಗ್ಗಿ ನೋಡಿದರು.

“ಅಕ್ಷರ ಚೆನ್ನಾಗುಂಟು. ಗಾರೆ ಒಣಗೋ ಮೊದಲು ಕೆಳಗೆ ಹೆಸರೂ ಹಾಕು. ಪೈಪ್ ಇಟ್ಟವರದ್ದೂ ಹಾಕು, ಮುಚ್ಚಿದವಂದೂ ಹಾಕು. ಮುಂದೆ ಬರೋರಿಗೆ ಯಾರನ್ನ ಕೇಳ್ಬೇಕು, ಯಾರನ್ನ ಕೇಳ್ಬಾರ್ದು ಅಂತ ಗೊತ್ತಾಗ್ಲಿ.”